ಹಿಡಿಯುವುದು ನಾಯಿಯನ್ನೋ ಯಜಮಾನನನ್ನೋ?

ಮಾನ್ಯ ಸಂಪಾದಕರೇ,

ಕಳೆದ ವಾರ ನಮ್ಮೂರಿನ ಬಸ್ಸು ತಂಗುದಾಣದ ಗೋಡೆಯಲ್ಲಿ ಕಂಡ ಕನ್ನಡ ಸೂಚನೆ ಹೀಗಿತ್ತು: ‘ಮಾಲೀಕರು ತಮ್ಮ ನಾಯಿಗಳಿಗೆ ಲಸಿಕೆ ಹಾಕಿಸಬೇಕು. ಅವರು ಬೀದಿಯಲ್ಲಿ ಅಲೆಯುವುದು ಕಂಡರೆ ಅವರನ್ನು ಹಿಡಿದು ಸಾಗಿಸಲಾಗುವುದು.’ ಎರಡು ನಾಯಿ ಸಾಕಿರುವ ನೆರೆಮನೆಯವರು, ಇನ್ನು ಸಂಜೆ ಪೇಟೆಗೆ ಹೋಗುವುದು ಹೇಗೆ ಮಾಸ್ಟ್ರೇ ಎಂದು ನಕ್ಕರು. ಪಕ್ಕದಲ್ಲೇ ಇದ್ದ ಇಂಗ್ಲಿಷ್ ಪ್ರತಿಯನ್ನು ಓದಿದಾಗ ಎಡವಿದ್ದು ಎಲ್ಲಿ ಎಂದು ತಿಳಿಯಿತು. ಇಂಗ್ಲಿಷಿನ ‘ದೇ’ (they) ಎಂಬ ಸರ್ವನಾಮ ಮನುಷ್ಯರಿಗೂ ನಾಯಿಗಳಿಗೂ ಸಲ್ಲುತ್ತದೆ. ಕನ್ನಡದಲ್ಲಾದರೆ ‘ಅವರು’, ‘ಅವು’ ಎಂಬ ಎರಡರಲ್ಲಿ ಒಂದನ್ನು ಆರಿಸಲೇಬೇಕು. ಅನುವಾದಿಸಿದ್ದು ಮನುಷ್ಯರೋ ಯಂತ್ರವೋ, ಆರಿಸುವ ಮುನ್ನ ಯೋಚಿಸಲಿಲ್ಲ.

ಮೂವತ್ತು ವರ್ಷ ಕನ್ನಡ ಮಾಧ್ಯಮದ ಮಕ್ಕಳಿಗೆ ಇಂಗ್ಲಿಷ್ ಕಲಿಸಿದ ನಾನೂ, ಸರ್ವನಾಮ ಹತ್ತಿರದ ನಾಮಪದವನ್ನೇ ಸೂಚಿಸುತ್ತದೆ ಎಂಬ ಸುಲಭಸೂತ್ರವನ್ನು ಹೇಳಿಕೊಟ್ಟವನೇ. ಅದು ಎಷ್ಟು ದುರ್ಬಲ ಎಂಬುದನ್ನು ಅಮೆರಿಕದ ಕಂಪ್ಯೂಟರ್ ವಿಜ್ಞಾನಿ ಟೆರಿ ವಿನೋಗ್ರಾಡ್ 1972ರಲ್ಲಿ ಕೊಟ್ಟ ಉದಾಹರಣೆಯ ಪ್ರಚಲಿತ ರೂಪ ತೋರಿಸುತ್ತದೆ. ನಗರಸಭಾ ಸದಸ್ಯರು ಪ್ರತಿಭಟನಕಾರರಿಗೆ ಅನುಮತಿ ನಿರಾಕರಿಸಿದರು, ಏಕೆಂದರೆ ‘ದೇ’ ಹಿಂಸೆಗೆ ಹೆದರಿದ್ದರು ಎಂದಾಗ ಆ ‘ದೇ’ ಸದಸ್ಯರು. ‘ದೇ’ ಹಿಂಸೆಯನ್ನು ಪ್ರತಿಪಾದಿಸುತ್ತಿದ್ದರು ಎಂದಾಗ ಪ್ರತಿಭಟನಕಾರರು. ಬದಲಾದದ್ದು ಒಂದು ಕ್ರಿಯಾಪದ ಮಾತ್ರ. ವಾಕ್ಯರಚನೆ ಇದ್ದಂತೆಯೇ ಇರುವುದರಿಂದ, ಯಾರು ಯಾರೆಂಬುದನ್ನು ಇಲ್ಲಿ ತೀರ್ಮಾನಿಸುವುದು ವ್ಯಾಕರಣವಲ್ಲ, ಲೋಕಾನುಭವ. ಇದನ್ನು ಕನ್ನಡಿಸುವಾಗ ‘ಅವರು’ ಎಂದು ಇಟ್ಟು ಕೈತೊಳೆದುಕೊಂಡರೆ ಗೊಂದಲವೂ ಜೊತೆಗೇ ಬರುತ್ತದೆ. ‘ಹಿಂಸೆಗೆ ಹೆದರಿ ನಿರಾಕರಿಸಿದರು’ ಎಂದರೆ ಸರ್ವನಾಮವೇ ಬೇಡ, ಹೆದರಿದವರೂ ನಿರಾಕರಿಸಿದವರೂ ಒಬ್ಬರೇ ಎಂಬುದನ್ನು ‘ಹೆದರಿ’ ಎಂಬ ಕೃದಂತಾವ್ಯಯವೇ ಹೇಳಿಬಿಡುತ್ತದೆ. ಆದರೆ ಹಾಗೆ ಬರೆಯಬೇಕಾದರೆ ಅರ್ಥ ಮೊದಲು ತಿಳಿದಿರಬೇಕು.

ಕೇರಳದ 1969ರ ಅಧಿಕೃತ ಭಾಷಾ ಕಾಯ್ದೆ ಇಲ್ಲಿನ ಕನ್ನಡಿಗರಿಗೆ ಸರಕಾರದೊಂದಿಗೆ ತಮ್ಮ ಭಾಷೆಯಲ್ಲೇ ವ್ಯವಹರಿಸುವ ಹಕ್ಕು ಕೊಟ್ಟಿತು. ಕಾಸರಗೋಡಿನ ಕಚೇರಿಗಳಲ್ಲಿ ಕನ್ನಡ ಬಲ್ಲ ಸಿಬ್ಬಂದಿ ಇರಬೇಕೆಂದು ನಾವು ಮತ್ತೆ ಮತ್ತೆ ಕೇಳುವುದೂ ಇದಕ್ಕಾಗಿಯೇ. ಅಂಥವರೊಬ್ಬರು ಇಂಗ್ಲಿಷ್ ಪ್ರತಿಯನ್ನು ಪಕ್ಕದಲ್ಲಿಟ್ಟುಕೊಂಡು, ಪ್ರತಿಯೊಂದು ‘ಅವರು’ ಯಾರು ಎಂದು ಕೇಳಿಕೊಳ್ಳುತ್ತಾ ಓದಿದರೆ ಐದು ನಿಮಿಷದ ಕೆಲಸ. ಅಷ್ಟನ್ನಾದರೂ ಮಾಡಿಸಬೇಕೆಂದು ಸಂಬಂಧಪಟ್ಟವರಲ್ಲಿ ವಿನಂತಿ. ಈ ಪತ್ರ ಬರೆಯುವ ಹೊತ್ತಿಗೂ ಆ ಸೂಚನೆ ಗೋಡೆಯಲ್ಲೇ ಇದೆ.

– ನಿವೃತ್ತ ಇಂಗ್ಲಿಷ್ ಅಧ್ಯಾಪಕ, ಬದಿಯಡ್ಕ