ಕುರ್ಚಿ ಕೊಳ್ಳುವ ಮುಂಚೆ ಇದನ್ನೊಮ್ಮೆ ಓದಿ

ಎಲ್ಲರಿಗೂ ನಮಸ್ಕಾರ. ದುಬಾರಿ ಆಫೀಸ್ ಕುರ್ಚಿ ತಗೊಳ್ಳೋದಾ ಬೇಡವಾ ಅಂತ ನಿನ್ನೆಯಿಂದ ಕೇಳುತ್ತಿದ್ದೀರಿ, ಅದಕ್ಕೇ ಬರೆಯುತ್ತಿದ್ದೇನೆ. ನಾನು ಪುಣೆಯ ಕೋಥ್ರೂಡ್ ಮನೆಯಲ್ಲಿ 5 ಸಾವಿರದ ಕುರ್ಚಿ ಇಟ್ಟುಕೊಂಡಿದ್ದೆ, ಒಂದೂವರೆ ವರ್ಷಕ್ಕೆ ಸೀಟಿನ ಸ್ಪಂಜು ಚಪ್ಪಟೆಯಾಯಿತು, ಕೂತರೆ ತಾನಾಗಿಯೇ ಕೆಳಗಿಳಿಯುತ್ತಿತ್ತು, ಸೊಂಟ ನೋವು ಬೇರೆ. ದಿನಕ್ಕೆ ಎಂಟು ಗಂಟೆ ಕೂರುವವರಿಗೆ ಒಳ್ಳೆ ಕುರ್ಚಿ ಬೇಕೇ ಬೇಕು. ಒಂದೆರಡು ಗಂಟೆ ಕೂರುವವರು ಸುಮ್ನೆ ಅಷ್ಟು ದುಡ್ಡು ಸುರಿಯಬೇಡಿ.

ಹರ್ಮನ್ ಮಿಲ್ಲರ್ ಕಂಪನಿಯ ಏರಾನ್ ಅನ್ನೋ ಕುರ್ಚಿ ಹೊಸದು ಲಕ್ಷ ದಾಟುತ್ತದೆ, ಆದರೆ 12 ವರ್ಷ ವಾರಂಟಿ ಇದೆ. ಎ (ಚಿಕ್ಕದು), ಬಿ (ಮಧ್ಯಮ), ಸಿ (ದೊಡ್ಡದು) ಅಂತ ಮೂರು ಸೈಜು. ಬೆನ್ನಿನ ಚೌಕಟ್ಟಿನ ಮೇಲ್ತುದಿಯ ಹಿಂದೆ ಕೈಯಾಡಿಸಿದರೆ ಉಬ್ಬು ಚುಕ್ಕೆ ಸಿಗುತ್ತವೆ, ಒಂದಿದ್ದರೆ ಎ, ಎರಡಿದ್ದರೆ ಬಿ, ಮೂರಿದ್ದರೆ ಸಿ. ಹಿಂಜೆವಾಡಿ ಕಡೆ ಆಫೀಸ್ ಖಾಲಿ ಮಾಡುವಾಗ ಮಾರುವ ಸೆಕೆಂಡ್ ಹ್ಯಾಂಡ್ ಕುರ್ಚಿ ಹುಡುಕುವವರು ಇದನ್ನು ಮರೆಯಬೇಡಿ, ವಾರಂಟಿ ಮೊದಲು ಕೊಂಡವರಿಗೆ ಮಾತ್ರ ಅನ್ನೋದನ್ನೂ.

ಯಾವುದೇ ಕುರ್ಚಿಯಾಗಲಿ, ಅರ್ಧ ಗಂಟೆ ಕೂತು ನೋಡದೆ ದುಡ್ಡು ಕೊಡಬೇಡಿ. ಪಾದ ಪೂರ್ತಿ ನೆಲಕ್ಕೆ ತಾಗಬೇಕು, ಸೀಟಿನ ಅಂಚಿಗೂ ಮಂಡಿಯ ಹಿಂಭಾಗಕ್ಕೂ ನಡುವೆ ಎರಡು ಮೂರು ಬೆರಳು ಜಾಗ ಉಳಿಯಬೇಕು.

ಭಾನುವಾರ ಯಾರಾದರೂ ಬರುವುದಾದರೆ ಇಲ್ಲೇ ಹೇಳಿ, ಒಟ್ಟಿಗೆ ಹೋಗಿ ನೋಡೋಣ.