1975ರ ಪದ್ಮಿನಿ ಕಾರಿನ ಪಿಸ್ಟನ್‌ಗಳನ್ನೂ ಬ್ಲಾಕನ್ನೂ ಕೆಡಿಸಿದ್ದರ ಬಗ್ಗೆ ದೂರು

ದಿನಾಂಕ: 8 ಡಿಸೆಂಬರ್ 2025

ಇವರಿಗೆ,
ಮಾಲೀಕರು,
ಎಂಜಿನ್ ರೀಬೋರಿಂಗ್ ವರ್ಕ್‌ಶಾಪ್, ಶಿವಮೊಗ್ಗ

ಮಾನ್ಯರೇ,

ಸೆಪ್ಟೆಂಬರ್ 15ರಂದು ನನ್ನ 1975ರ ಪ್ರೀಮಿಯರ್ ಪದ್ಮಿನಿ ಕಾರಿನ ಎಂಜಿನ್ ಬ್ಲಾಕ್, ಕ್ರ್ಯಾಂಕ್ ಮತ್ತು ಬಳಸದೆ ಇಟ್ಟಿದ್ದ ಒಂದು ಪಿಸ್ಟನ್ ಸೆಟ್ಟನ್ನು ತೀರ್ಥಹಳ್ಳಿ ಕಡೆಯಿಂದ ಪಿಕಪ್ ಗಾಡಿಯಲ್ಲಿ ತಂದು ನಿಮ್ಮಲ್ಲಿ ಒಪ್ಪಿಸಿ, 8,000 ರೂಪಾಯಿ ಮುಂಗಡ ಕೊಟ್ಟು ಜಾಬ್ ಕಾರ್ಡ್ ಪಡೆದಿದ್ದೆ. ಹತ್ತು ದಿನದ ಕೆಲಸವೆಂದು ಹೇಳಿದಿರಿ. ಹತ್ತು ವಾರ ಕಾದೆ. ಅಡಿಕೆಯ ಕೊನೆಕೊಯ್ಲು ಶುರುವಾಗಿ ತೋಟದಲ್ಲಿ ಆಳುಗಳಿದ್ದ ದಿನಗಳಲ್ಲೂ ಕೆಲಸ ಬಿಟ್ಟು ಮೂರು ಸಲ ಬಂದೆ. ಫೋನ್ ಮಾಡಿದ್ದಕ್ಕೆ ಲೆಕ್ಕ ಇಟ್ಟಿಲ್ಲ. ನವೆಂಬರ್ 24ರಂದು ನಿಮ್ಮ ಕೌಂಟರಿನಲ್ಲಿ ನಡೆದದ್ದಾದ ಮೇಲೆ ಇನ್ನು ಬಾಯಿಮಾತಿನಲ್ಲಿ ಹೇಳುವುದು ಏನೂ ಉಳಿದಿಲ್ಲವಾದ್ದರಿಂದ ಈ ಪತ್ರವನ್ನು ರಿಜಿಸ್ಟರ್ಡ್ ಅಂಚೆಯಲ್ಲಿ ಕಳಿಸುತ್ತಿದ್ದೇನೆ.

ಆ ಪಿಸ್ಟನ್‌ಗಳು ಎಂಥವೆಂದು ಮೊದಲು ಹೇಳಬೇಕು, ಏಕೆಂದರೆ ನಿಮ್ಮ ಸೂಪರ್‌ವೈಸರ್ ಅವನ್ನು ಗುಜರಿ ಎಂದರು. ಈ ಎಂಜಿನ್ 1089 ಸಿ.ಸಿ.ಯದು, ಮೂಲ ಬೋರ್ (ಸಿಲಿಂಡರಿನ ಒಳವ್ಯಾಸ) 68 ಮಿ.ಮೀ., ಸ್ಟ್ರೋಕ್ (ಪಿಸ್ಟನ್ ಓಡುವ ದೂರ) 75 ಮಿ.ಮೀ. ಮುಂದೊಂದು ದಿನ ಬೋರ್ ಮಾಡಿಸಬೇಕಾದೀತು, ಅಂದರೆ ಸವೆದ ಸಿಲಿಂಡರನ್ನು ಕೊರೆದು ಅಗಲ ಮಾಡಿಸಬೇಕಾದೀತು ಎಂದು ನಮ್ಮ ಅಪ್ಪಯ್ಯ 1988ರಲ್ಲಿ ಬೆಂಗಳೂರಿನ ಜೆ.ಸಿ. ರಸ್ತೆಗೆ ಹೋಗಿ 0.40 ಮಿ.ಮೀ. ಓವರ್‌ಸೈಜಿನ (ಮೂಲ ಅಳತೆಗಿಂತ ಅಷ್ಟು ದಪ್ಪದ) ನಾಲ್ಕು ಪಿಸ್ಟನ್‌ಗಳನ್ನು ರಿಂಗು, ಗಜನ್ ಪಿನ್ (ಪಿಸ್ಟನ್ನನ್ನು ಕನೆಕ್ಟಿಂಗ್ ರಾಡಿಗೆ ಜೋಡಿಸುವ ಪಿನ್) ಸಮೇತ ತಂದಿದ್ದರು. ಜೂನ್ ಹಿಡಿದರೆ ಬೀರುವಿನೊಳಗಿನ ಬಟ್ಟೆಗೂ ಬೂಷ್ಟು ಬರುವ ಊರು ನಮ್ಮದು. ಅಲ್ಲಿ ಒಂದು ರಿಂಗನ್ನು ತುಕ್ಕಿಲ್ಲದೆ ಮಳೆಗಾಲ ದಾಟಿಸುವುದು ಎಷ್ಟು ಕಷ್ಟವೆಂಬುದು ಶಿವಮೊಗ್ಗದಲ್ಲಿ ಕಬ್ಬಿಣದ ಕೆಲಸ ಮಾಡುವ ನಿಮಗೆ ಗೊತ್ತಿರಲೇಬೇಕು. ಅಪ್ಪಯ್ಯ ಒಂದೊಂದು ಪಿಸ್ಟನ್ನಿಗೂ ಗ್ರೀಸ್ ಸವರಿ ಮೇಣದ ಕಾಗದ ಸುತ್ತಿ, ರಿಂಗುಗಳನ್ನು ಎಣ್ಣೆಯಲ್ಲಿ ಅದ್ದಿದ ಕಾಗದದಲ್ಲಿ ಮಡಿಸಿ, ತಗಡಿನ ಟ್ರಂಕಿನಲ್ಲಿ ಹಾಕಿ, ಅಡುಗೆಮನೆಯ ಒಲೆಯ ನೇರಕ್ಕೆ ಅಟ್ಟದ ಮೇಲೆ ಇಟ್ಟರು. ಮಳೆಗಾಲದಲ್ಲಿ ನಮ್ಮ ಮನೆಯೊಳಗೆ ಒಣಗಿರುವ ಜಾಗ ಅದೊಂದೇ. ಎರಡು ಮೂರು ವರ್ಷಕ್ಕೊಮ್ಮೆ ದೀಪಾವಳಿ ಕಳೆದ ಮೇಲೆ ಅದನ್ನು ಇಳಿಸಿ, ಬಿಚ್ಚಿ ಒರೆಸಿ, ಹೊಸ ಗ್ರೀಸ್ ಹಚ್ಚಿ ಮತ್ತೆ ಏರಿಸುತ್ತಿದ್ದರು. ಅವರು ತೀರಿಕೊಂಡ ಮೇಲೆ ಆ ಕೆಲಸವನ್ನು ನಾನು ಬಿಟ್ಟಿಲ್ಲ.

ಹಳೆಯದೆಲ್ಲ ಒಳ್ಳೆಯದು ಎಂಬ ಹಟವೂ ನಮಗಿರಲಿಲ್ಲ. ಈ ಕಾರನ್ನು ಅಪ್ಪಯ್ಯನ ಕಾಲದಿಂದ ನೋಡಿಕೊಂಡ ಮೇಸ್ತ್ರಿ ಇದ್ದಾರೆ. ಅವರಿಗೆ ಈಗ 74 ವರ್ಷ. ಟ್ರಂಕು ಬಿಚ್ಚಿದ ದಿನ ಅವರು ಅಂಗಳದಲ್ಲಿ ಕೂತು ಒಂದೊಂದನ್ನೇ ನೋಡಿದರು. ಪಿಸ್ಟನ್‌ಗಳ ಜೊತೆ ಅದರಲ್ಲಿದ್ದ ರಬ್ಬರಿನ ಆಯಿಲ್ ಸೀಲುಗಳು ಉಗುರು ಊರಿದರೂ ಬಗ್ಗದಷ್ಟು ಗಟ್ಟಿಯಾಗಿದ್ದವು, ಕಾರ್ಕ್ ಗ್ಯಾಸ್ಕೆಟ್ಟುಗಳು ಕುಗ್ಗಿ ಬಿರುಕು ಬಿಟ್ಟಿದ್ದವು. ಅವನ್ನೆಲ್ಲ ಎಸೆಯಲು ಅವರೇ ಹೇಳಿದರು. ಬೇರಿಂಗುಗಳ ಮೇಲೆ ಮಂಕು ಕವಿದಿತ್ತು, ಅವೂ ಬೇಡವೆಂದರು. ರಿಂಗುಗಳಲ್ಲಿ ತುಕ್ಕಿನ ಚುಕ್ಕೆ ಇರಲಿಲ್ಲ. ಪಿಸ್ಟನ್‌ಗಳನ್ನು ಪಿನ್ನಿಗೆ ಅಡ್ಡಲಾಗಿ, ಸ್ಕರ್ಟಿನ (ಕೆಳಭಾಗದ) ಬಳಿ ಮೈಕ್ರೋಮೀಟರಿನಿಂದ ಅಳೆದಾಗ ನಾಲ್ಕೂ 68.35 ಮತ್ತು 68.36ರ ನಡುವೆ ಇದ್ದವು. ಅಳೆಯುವಾಗ ತೆಗೆದ ಫೋಟೋಗಳು ತಾರೀಖಿನ ಸಮೇತ ನನ್ನ ಫೋನಿನಲ್ಲಿವೆ.

ಜಾಬ್ ಕಾರ್ಡಿನಲ್ಲಿ ನಿಮ್ಮ ಹುಡುಗನೇ ನನ್ನೆದುರು ಬರೆದದ್ದು ಇಷ್ಟು: ‘ಗ್ರಾಹಕರ ಪಿಸ್ಟನ್ ನೋಡಿ 0.40ಕ್ಕೆ ಬೋರ್ ಮತ್ತು ಹೋನಿಂಗ್.’ ಹೋನಿಂಗ್ ಎಂದರೆ ಕೊರೆದ ಮೇಲೆ ಒಳಮೈಯನ್ನು ನಯವಾಗಿ ಉಜ್ಜುವುದು. ಪಿಸ್ಟನ್ ಕೊಟ್ಟದ್ದು ಅಳತೆಗೆ ಮಾತ್ರ, ತೊಳೆಯಲು ಅಲ್ಲ. ಅದೇ ಕಾರ್ಡಿನ ಹಿಂಬದಿಯಲ್ಲಿ ನೀವು ಅಚ್ಚು ಹಾಕಿಸಿರುವ ನಾಲ್ಕನೇ ಷರತ್ತಿನಂತೆ ಬರೆದುಕೊಂಡ ಅಳತೆಯನ್ನು ಗ್ರಾಹಕರ ಒಪ್ಪಿಗೆಯಿಲ್ಲದೆ ಬದಲಿಸುವಂತಿಲ್ಲ. ಅದನ್ನು ನಿಮಗೆ ನಾನು ಓದಿ ಹೇಳಬೇಕಾಗಿಲ್ಲ.

ನವೆಂಬರ್ 24, ಸೋಮವಾರ ಬೆಳಿಗ್ಗೆ ಹನ್ನೊಂದರ ಹೊತ್ತಿಗೆ ನಾನೂ ಮೇಸ್ತ್ರಿಯವರೂ ಬಂದೆವು. ಕೌಂಟರಿನ ಬಳಿ ಟ್ರ್ಯಾಕ್ಟರಿನವರು ಇಬ್ಬರು, ಲಾರಿಯವರು ಒಬ್ಬರು ಇದ್ದರು. ಸೂಪರ್‌ವೈಸರ್ ಒಳಗಿನಿಂದ ಒಂದು ಪ್ಲಾಸ್ಟಿಕ್ ಕ್ರೇಟ್ ತರಿಸಿ, ನಾಲ್ಕು ಪಿಸ್ಟನ್‌ಗಳನ್ನು ಕಬ್ಬಿಣದ ಮೇಜಿನ ಮೇಲೆ ಸುರಿದರು. ಇಡಲಿಲ್ಲ, ಸುರಿದರು. ಬೆಳ್ಳಗೆ ಹೊಳೆಯುತ್ತಿದ್ದವು ಕಪ್ಪಾಗಿ, ಮೈತುಂಬ ಸಣ್ಣ ಸಣ್ಣ ಗುಳಿ ಬಿದ್ದಿದ್ದವು. ‘ಸಾರ್, ನಿಮ್ಮ ಮಾಲೆಲ್ಲ ತುಕ್ಕು ಹಿಡಿದು ಹೋಗಿದೆ. ಅಟ್ಟದ ಮೇಲಿಟ್ಟಿದ್ದ ಗುಜರಿ ತಂದ್ರೆ ಹಿಂಗೇ ಆಗೋದು. ಅದಕ್ಕೇ ಅರವತ್ತಕ್ಕೆ ಬೋರ್ ಹೊಡೆದು ನಮ್ದೇ ಪಿಸ್ಟನ್ ಇಟ್ಟಿದೀವಿ’ ಎಂದು ಹೇಳಿ, 23,400 ರೂಪಾಯಿ ಎಂದು ಬರೆದ ಬಿಳಿ ಚೀಟಿಯನ್ನು ನನ್ನ ಕಡೆ ತಳ್ಳಿದರು. ಅದರಲ್ಲಿ ನಿಮ್ಮ ಹೆಸರಿಲ್ಲ, ಜಿ.ಎಸ್.ಟಿ. ಸಂಖ್ಯೆಯಿಲ್ಲ, ಸಹಿಯೂ ಇಲ್ಲ.

ನಾನು ಮಾತು ಹುಡುಕುತ್ತಿದ್ದಾಗ ಮೇಸ್ತ್ರಿಯವರು ಹೆಗಲ ಮೇಲಿನ ಟವೆಲ್ಲಿನಿಂದ ಒಂದು ಪಿಸ್ಟನ್ ಒರೆಸಿದರು, ಮರದ ಡಬ್ಬಿಯಿಂದ ತಮ್ಮ ಮೈಕ್ರೋಮೀಟರ್ ತೆಗೆದು ಅಳೆದರು, ಬೆಳಕಿಗೆ ಹಿಡಿದು ಎರಡು ಸಲ ಓದಿದರು. ಆಮೇಲೆ ಮೆಲ್ಲಗೆ, ‘ಸಾರ್, ಅಲ್ಯೂಮಿನಿಯಂಗೆ ತುಕ್ಕು ಬರಲ್ಲ. ಇದನ್ನ ಬ್ಲಾಕಿನ ಜೊತೆ ಸೋಡಾ ತೊಟ್ಟಿಗೆ ಹಾಕಿದಾರೆ’ ಎಂದರು. ಅವರು ಹೇಳಿದ್ದು ಅಷ್ಟೇ, ದನಿಯನ್ನೂ ಏರಿಸಲಿಲ್ಲ. ನಿಮ್ಮ ಸೂಪರ್‌ವೈಸರ್ ಕೈಯಲ್ಲಿದ್ದ ಪೆನ್ನಿನಿಂದ ಆ ಮೈಕ್ರೋಮೀಟರನ್ನು ಪಕ್ಕಕ್ಕೆ ಸರಿಸಿ, ‘ಏಯ್, ನಿಂಗೇನು ಗೊತ್ತು? ನಾನು ಓನರ್ ಹತ್ರ ಮಾತಾಡ್ತಿದೀನಿ. ಹೊರಗೆ ಹೋಗಿ ನಿಂತ್ಕೋ’ ಎಂದರು. ಮಗನ ವಯಸ್ಸಿನವರು, ಮೂವರು ಅಪರಿಚಿತರ ಎದುರು, ಏಕವಚನದಲ್ಲಿ. ನಮ್ಮ ಮನೆಯಲ್ಲಿ ಅಪ್ಪಯ್ಯನೂ ಆ ಮನುಷ್ಯನನ್ನು ‘ನೀವು’ ಎಂದೇ ಮಾತಾಡಿಸುತ್ತಿದ್ದರು. ಅವರು ತಿರುಗಿ ಒಂದು ಮಾತೂ ಆಡದೆ ಹೊರಗೆ ಹೋಗಿ ಪಿಕಪ್ಪಿನ ಪಕ್ಕದಲ್ಲಿ ಬಿಸಿಲಿಗೆ ನಿಂತರು. ಅಷ್ಟರಲ್ಲಿ ಚಹಾ ಬಂತು. ಒಳಗಿದ್ದವರಿಗೆಲ್ಲ ಕೊಟ್ಟಿರಿ, ಹೊರಗಿದ್ದವರಿಗೆ ಒಂದು ಲೋಟ ಹೋಗಲಿಲ್ಲ. ನಾನು ಕುಡಿಯಲಿಲ್ಲ. ‘ಇಷ್ಟೆಲ್ಲ ಯಾಕೆ ಸಾರ್, ಒಂದು ಹಳೇ ಡೀಸೆಲ್ ಎಂಜಿನ್ ಹಾಕಿಸಿ’ ಎಂದು ಸೂಪರ್‌ವೈಸರ್ ಹೇಳುತ್ತಿದ್ದಾಗ ನಾನು ಆ ನಾಲ್ಕು ಪಿಸ್ಟನ್‌ಗಳನ್ನು ಚೀಲಕ್ಕೆ ತುಂಬಿಕೊಂಡು ಎದ್ದೆ. ಗಾಜನೂರು ದಾಟಿ ಮಂಡಗದ್ದೆ ಬರುವವರೆಗೂ ಮೇಸ್ತ್ರಿಯವರು ಮಾತಾಡಲಿಲ್ಲ. ಮಂಡಗದ್ದೆಯ ಬಳಿ, ‘ಮೈಕ್ರೋಮೀಟರ್ ಅಲ್ಲೇ ಉಳೀತು’ ಎಂದರು. ಮರುದಿನ ಫೋನ್ ಮಾಡಿದರೆ ಅಂಥದ್ದೇನೂ ಇಲ್ಲಿ ಇಲ್ಲವೆಂದು ನಿಮ್ಮ ಕಡೆಯವರು ಹೇಳಿದರು.

ಮೇಸ್ತ್ರಿಯವರು ಹೇಳಿದ್ದು ನಿಜವೆಂದು ನಿಮಗೂ ಗೊತ್ತು. ಎರಕದ ಬ್ಲಾಕಿನ ಜಿಡ್ಡು ತೆಗೆಯಲು ಕಾಸ್ಟಿಕ್ ಸೋಡಾದ ಬಿಸಿ ತೊಟ್ಟಿ ಸರಿ. ಅದೇ ತೊಟ್ಟಿಗೆ ಅಲ್ಯೂಮಿನಿಯಂ ಬಿದ್ದರೆ ಗುಳ್ಳೆ ಎದ್ದು ಲೋಹವೇ ಕರಗುತ್ತದೆ. ತೀರ್ಥಹಳ್ಳಿಯ ಒಂದು ಲೇತಿನಲ್ಲಿ ಮತ್ತೆ ಅಳೆಸಿದೆ: 68.22, 68.19, 68.24, 68.20. ರಿಂಗು ಕೂರುವ ತೋಡುಗಳು ಅಗಲವಾಗಿವೆ, ಪಿನ್ನಿನ ತೂತುಗಳು ಸಡಿಲವಾಗಿವೆ. 37 ವರ್ಷ ಕೆಡದೆ ಉಳಿದ ವಸ್ತು ನಿಮ್ಮ ತೊಟ್ಟಿಯಲ್ಲಿ ಹಾಳಾಯಿತು. ಅದನ್ನು ಅಂದೇ ಒಪ್ಪಿಕೊಂಡು ಒಂದು ಫೋನ್ ಮಾಡಿದ್ದರೆ ಬ್ಲಾಕಾದರೂ ಉಳಿಯುತ್ತಿತ್ತು, ಎಲ್ಲಿಂದಾದರೂ 0.40ರ ಸೆಟ್ ಹುಡುಕುತ್ತಿದ್ದೆ. ಬದಲಿಗೆ ನನ್ನನ್ನು ಕೇಳದೆ ಕೊರೆದು, ನಿಮ್ಮ ಕಪಾಟಿನಲ್ಲಿದ್ದದ್ದಕ್ಕೆ ಬ್ಲಾಕನ್ನು ಹೊಂದಿಸಿದಿರಿ. ಆ 0.60ರ ಸೆಟ್ಟಿಗೆ ಪೆಟ್ಟಿಗೆಯೂ ಇಲ್ಲ. ಮೂರರ ತಲೆಯ ಮೇಲೆ ಒಂದು ಕಂಪನಿಯ ಗುರುತು, ನಾಲ್ಕನೆಯದರ ಮೇಲೆ ಬೇರೆಯದು. ತೂಕ ಹೊಂದದ ಪಿಸ್ಟನ್ ಹಾಕಿದ ಎಂಜಿನ್ ಎಷ್ಟು ನಡುಗುತ್ತದೆಂದು ರೀಬೋರಿಂಗ್ ಬೋರ್ಡು ಹಾಕಿಕೊಂಡವರಿಗೆ ಬೇರೆಯವರು ಹೇಳಬೇಕೇ?

ಬ್ಲಾಕ್ ಬೇರೆ ಹಾಕಿಕೊಳ್ಳಿ ಎನ್ನುವುದು ಸುಲಭ. 2021ರ ಕೇಂದ್ರ ಮೋಟಾರು ವಾಹನ ನಿಯಮಗಳ ತಿದ್ದುಪಡಿಯಂತೆ, ಮೊದಲ ನೋಂದಣಿಯಾಗಿ 50 ವರ್ಷ ದಾಟಿದ, ಚಾಸಿ, ಬಾಡಿ, ಎಂಜಿನ್ ಮೂಲ ರೂಪದಲ್ಲೇ ಇರುವ ಕಾರನ್ನು ವಿಂಟೇಜ್ ವಾಹನವಾಗಿ ನೋಂದಾಯಿಸಬಹುದು. ನನ್ನ ಕಾರಿಗೆ ಈ ವರ್ಷ 50 ತುಂಬಿತು. ಆರ್.ಸಿ.ಯಲ್ಲಿರುವ ಎಂಜಿನ್ ಸಂಖ್ಯೆ ನಿಮ್ಮಲ್ಲಿರುವ ಆ ಬ್ಲಾಕಿನ ಮೇಲಿದೆ. ಮುಂಬಯಿಯ ಪದ್ಮಿನಿ ಟ್ಯಾಕ್ಸಿಗಳು 2023ರಲ್ಲಿ ರಸ್ತೆ ಬಿಟ್ಟ ಮೇಲೆ ಇದರ ಬಿಡಿಭಾಗಗಳನ್ನು ಯಾರು ತಾನೇ ದಾಸ್ತಾನು ಇಡುತ್ತಾರೆ?

ಡಿಸೆಂಬರ್ 22ರೊಳಗೆ ನಾಲ್ಕೂ ಸಿಲಿಂಡರಿಗೆ ನಿಮ್ಮ ಖರ್ಚಿನಲ್ಲಿ ಸ್ಲೀವ್ (ಒಳಗೆ ಕೂರಿಸುವ ಹೊಸ ಕೊಳವೆ) ಕೂರಿಸಿ, ತೂಕ ಹೊಂದುವ ಒಂದೇ ಕಂಪನಿಯ 0.40ರ ಸೆಟ್ ತರಿಸಿ, ಅದರ ಅಳತೆಗೆ ಬೋರ್ ಮಾಡಿಕೊಡಲು ಬರವಣಿಗೆಯಲ್ಲಿ ಒಪ್ಪಬೇಕು. ಆಗದಿದ್ದರೆ ನಾನು ಹೇಳುವ ಕಡೆ ಈ ಕೆಲಸ ಮಾಡಿಸುವ ಪೂರ್ಣ ಖರ್ಚನ್ನೂ ಮುಂಗಡವನ್ನೂ ಕೊಡಬೇಕು. ಅಲ್ಲಿಯವರೆಗೆ ಆ ಬ್ಲಾಕನ್ನು ಯಾರೂ ಮುಟ್ಟಕೂಡದು. 23,400 ರೂಪಾಯಿಯಲ್ಲಿ ಒಂದು ಪೈಸೆಯನ್ನೂ ಕೊಡುವುದಿಲ್ಲ.

ಇವೆರಡೂ ಆಗದಿದ್ದರೆ 23ರಂದು ನಾನು ಶಿವಮೊಗ್ಗದ ಜಿಲ್ಲಾ ಗ್ರಾಹಕರ ವ್ಯಾಜ್ಯ ಪರಿಹಾರ ಆಯೋಗದಲ್ಲಿ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಡಿ ದೂರು ಸಲ್ಲಿಸುತ್ತೇನೆ. ಕೆಲಸದ ನ್ಯೂನತೆ ಒಂದು; ರಸೀದಿ ಕೊಡದೆ ಚೀಟಿ ಕೊಟ್ಟದ್ದು ಅದೇ ಕಾಯ್ದೆಯಡಿ ಅನುಚಿತ ವ್ಯಾಪಾರ ಪದ್ಧತಿ, ಅದು ಇನ್ನೊಂದು. ದೂರು ಕೊಡಲು ನನಗೆ ಎರಡು ವರ್ಷ ಸಮಯವಿದೆ, 5 ಲಕ್ಷದೊಳಗಿನ ವ್ಯವಹಾರಕ್ಕೆ ಶುಲ್ಕವೂ ಇಲ್ಲ, ವಕೀಲರು ಇಲ್ಲದೆಯೂ ನಿಲ್ಲಬಲ್ಲೆ. ಬಿಳಿ ಚೀಟಿಯ ಪ್ರತಿ ಜಿ.ಎಸ್.ಟಿ. ಕಚೇರಿಗೂ ಹೋಗುತ್ತದೆ. ಆ ನಾಲ್ಕು ಪಿಸ್ಟನ್‌ಗಳನ್ನು ಆಯೋಗದ ಮೇಜಿನ ಮೇಲೆ ನಾನೇ ಇಡುತ್ತೇನೆ, ಅಲ್ಯೂಮಿನಿಯಂಗೆ ತುಕ್ಕು ಹೇಗೆ ಹಿಡಿಯಿತೆಂದು ನಿಮ್ಮ ಸೂಪರ್‌ವೈಸರ್ ಅಲ್ಲಿ ವಿವರಿಸಲಿ.

ಆ ಮೈಕ್ರೋಮೀಟರ್ ಮಾತ್ರ 22ರವರೆಗೆ ಕಾಯುವಂಥದ್ದಲ್ಲ. ಈ ಪತ್ರ ತಲುಪಿದ ವಾರದೊಳಗೆ ನಿಮ್ಮ ಸೂಪರ್‌ವೈಸರ್ ಅದನ್ನು ಅದರ ಮರದ ಡಬ್ಬಿಯ ಸಮೇತ ತೀರ್ಥಹಳ್ಳಿಗೆ ತಂದು, ಮೇಸ್ತ್ರಿಯವರ ಕೈಗೇ ಕೊಟ್ಟು, ‘ತಪ್ಪಾಯಿತು, ನೀವು ಹೇಳಿದ್ದೇ ಸರಿ’ ಎನ್ನಬೇಕು. ಕೊರಿಯರಿನಲ್ಲಿ ಕಳಿಸಿದರೆ ನಾನು ಸ್ವೀಕರಿಸುವುದಿಲ್ಲ.

ಇತಿ,
ತೀರ್ಥಹಳ್ಳಿ ತಾಲ್ಲೂಕಿನ ನಿಮ್ಮ ಗ್ರಾಹಕ

ಲಗತ್ತು: ಜಾಬ್ ಕಾರ್ಡಿನ ಎರಡೂ ಬದಿಯ ಪ್ರತಿ, ಬಿಳಿ ಚೀಟಿಯ ಪ್ರತಿ, ಪಿಸ್ಟನ್‌ಗಳ ಮುಂಚಿನ ಮತ್ತು ಈಗಿನ ಫೋಟೋಗಳು