ಗಡಿಯಲ್ಲಿರುವ ಸೋದರಳಿಯನಿಗೆ

ಮಂಗಳೂರು
20-12-2001

ಪ್ರೀತಿಯ ಮಗಾ,

ನಿನ್ನ ರಜೆ ರದ್ದಾಯಿತು ಅಂತ ಅಮ್ಮ ಹೇಳಿದಳು. ಸಂಸತ್ತಿನ ಮೇಲೆ ದಾಳಿಯಾದ ದಿನವೇ ನನಗೆ ಅನಿಸಿತ್ತು, ಈ ಸಲ ನಮ್ಮ ಹುಡುಗರು ಕ್ರಿಸ್ಮಸ್ ಹಬ್ಬಕ್ಕೆ ಬರುವುದಿಲ್ಲ ಅಂತ. ಎಲ್ಲಿದ್ದೀಯ ಅಂತ ಕೇಳುವುದಿಲ್ಲ. ಸೇನಾ ಅಂಚೆಯ ವಿಳಾಸ 56 ಎಪಿಒ ಅಂತ ಬರೆದರೆ ಕಾಗದ ತಲುಪುತ್ತದೆ, ಅಷ್ಟು ಸಾಕು.

ಹಬ್ಬದ ದಿನ ಒಬ್ಬನೇ ಕೂರಬೇಡ. ಇಲ್ಲಿ ಕ್ರೈಸ್ತ ನಾನೊಬ್ಬನೇ, ಇವರಿಗೆಲ್ಲ ಯಾಕೆ ಹೇಳುವುದು ಅಂತ ಸುಮ್ನೆ ಇದ್ದುಬಿಡಬೇಡ ಮಾರಾಯ. ಹೇಳು.

1971ರ ಪಾಕಿಸ್ತಾನದ ಜೊತೆಗಿನ ಯುದ್ಧದಲ್ಲಿ ನಾವು ಗಡಿಯಾಚೆಯ ಶಕರ್‌ಗಢದ ಕಡೆ ಇದ್ದೆವು. ಡಿಸೆಂಬರ್ 17ರ ರಾತ್ರಿ ಎಂಟಕ್ಕೆ ಕದನವಿರಾಮ ಆಯಿತು. ಆದರೂ ಮನೆಗೆ ಹೋಗುವ ಮಾತೇ ಇರಲಿಲ್ಲ. ಹೊಲದ ತುಂಬ ಮೈನು, ಕೊರೆಯುವ ಚಳಿ. 25ಕ್ಕೆ ನಮ್ಮ ಸೆಕ್ಷನ್ನಿನ ಸರ್ದಾರ್‌ಜಿ ನನ್ನನ್ನೇ ಕೇಳಿ ಕೇಳಿ ಗೋದಲಿ, ಅಂದರೆ ಯೇಸು ಹುಟ್ಟಿದ ಕೊಟ್ಟಿಗೆಯ ಮಾದರಿ, ಮಾಡಿದರು. ಗುಂಡಿನ ಖಾಲಿ ಪೆಟ್ಟಿಗೆ, ಒಳಗೆ ಕಬ್ಬಿನ ಒಣ ಸೋಗೆ, ಜೇಡಿಮಣ್ಣಿನ ಪುಟ್ಟ ಬಾಲಯೇಸು. ಬಾಲಯೇಸುವಿನ ತಲೆಗೂ ಒಂದು ಪೇಟ! ಲಂಗರ್‌ನವರು, ಅಂದರೆ ನಮ್ಮ ಅಡುಗೆಯವರು, ರವೆ ಹಲ್ವಾ ಮಾಡಿದರು. ಆ ರಾತ್ರಿಯ ನನ್ನ ಪಹರೆಯನ್ನೂ ಸರ್ದಾರ್‌ಜಿಗಳೇ ಹಂಚಿಕೊಂಡರು. ದೀಪಾವಳಿಗೆ ಅವರ ಪಾಳಿ ನಾನು ನಿಂತಿದ್ದೆ, ಅದನ್ನು ಅವರು ಮರೆತಿರಲಿಲ್ಲ. ಫೌಜಿನಲ್ಲಿ ನನಗೆ ತುಂಬ ಇಷ್ಟವಾದದ್ದು ಇದೇ. ನೀನೂ ಹೋಳಿ ಹಬ್ಬಕ್ಕೆ, ಈದಿಗೆ, ಗುರುಪೂರಬ್‌ಗೆ ಕೇಳುವ ಮೊದಲೇ ಪಾಳಿ ತಗೋ.

ನಿನ್ನಮ್ಮ ಈ ಸಲ ಕುಸ್ವಾರ್, ನಮ್ಮ ಕ್ರಿಸ್ಮಸ್ ತಿಂಡಿ, ಮಾಡುವುದೇ ಇಲ್ಲ ಅಂತ ಕೂತಿದ್ದಳು. ನಾನೇ ಗದರಿಸಿ ಒಲೆ ಹಚ್ಚಿಸಿದೆ. ಕರ್ಜಿಕಾಯಿಯಂಥ ನೆವ್ರಿ, ಚಕ್ಕುಲಿ, ಗುಲಾಬಿ ಕುಕ್ಕೀಸ್ ಪಾರ್ಸೆಲಲ್ಲಿ ಬರುತ್ತಿವೆ. ಹಬ್ಬ ಕಳೆದ ಮೇಲೆ ಸಿಕ್ಕಿದರೂ ಪರವಾಗಿಲ್ಲ, ಎಲ್ಲರ ಎದುರೇ ಬಿಚ್ಚು. ಕುಕ್ಕೀಸಿಗೆ ಮೊಟ್ಟೆ ಹಾಕಿದೆ, ಶಾಕಾಹಾರಿಗಳಿಗೆ ಮೊದಲೇ ಹೇಳು. ಅವರಿಗೆ ನೆವ್ರಿ ಕೊಡು. 1914ರ ಕ್ರಿಸ್ಮಸ್‌ಗೆ ಬ್ರಿಟನ್ನಿನ ರಾಜಕುಮಾರಿ ಮೇರಿಯ ಹೆಸರಲ್ಲಿ ಸೈನಿಕರಿಗೆಲ್ಲ ಹಿತ್ತಾಳೆ ಡಬ್ಬಿಯಲ್ಲಿ ಉಡುಗೊರೆ ಹಂಚಿದರಲ್ವಾ, ಆಗಲೂ ನಮ್ಮ ಸಿಖ್ ಸಿಪಾಯಿಗಳಿಗೆ ತಂಬಾಕಿನ ಬದಲು ಕಲ್ಲುಸಕ್ಕರೆ, ಮಸಾಲೆ ಕೊಟ್ಟಿದ್ದರು.

ಇನ್ನು ಅಮ್ಮನಿಗೆ ಬರೆಯುವಾಗ "ನಾನು ಚೆನ್ನಾಗಿದ್ದೇನೆ" ಅಂತ ಒಂದೇ ಸಾಲು ಗೀಚಿ ಕಳಿಸಬೇಡ. ಅದನ್ನು ಓದಿ ಅವಳಿಗೆ ಭಯ ಜಾಸ್ತಿಯಾಗುತ್ತದೆ. ಏನು ತಿಂದೆ, ಬಂಕರಿನಲ್ಲಿ ಪಕ್ಕದಲ್ಲಿ ಮಲಗುವವನು ಯಾವ ಊರಿನವನು, ಅವನಿಗೆ ಗೊರಕೆ ಇದೆಯಾ, ಅದೆಲ್ಲ ಬರೆ. ಚಳಿಯಾದರೆ ಚಳಿ ಅಂತಲೇ ಬರೆ.

ಪಾರ್ಸೆಲಿನ ತಳದಲ್ಲಿ ಉಣ್ಣೆಯ ಕಾಲುಚೀಲ ಇಟ್ಟಿದ್ದೇನೆ. ಅಳತೆ ಸರಿಯಾಯಿತಾ ತಿಳಿಸು, ಇನ್ನೂ ಕಳಿಸುತ್ತೇನೆ.

ನಿನ್ನ ಮಾಮ